ಎರಡನೇ ದಿನದ ಮಾತು ಬಾಕಿ ಇದೆ

ಪುನರ್ವಸತಿ ಅಧಿಕಾರಿಗಳೇ,

ಮುಳುಗಡೆಯಾಗಲಿರುವ ನಮ್ಮೂರಿನವರು ಹೊಸ ಊರಿನ ಗೋಮಾಳವನ್ನು ನಿವೇಶನಗಳಿಗೆ ಬಿಟ್ಟುಕೊಡಲು ತಾವಾಗಿಯೇ ಒಪ್ಪಿದ್ದಾರೆ, ಅದಕ್ಕೆ ಇಪ್ಪತ್ತೇಳು ಕಾರಣಗಳನ್ನೂ ಕೊಟ್ಟಿದ್ದಾರೆ ಎನ್ನುತ್ತದೆ ನಿಮ್ಮ ಆದೇಶ. ನಾವು ಒಪ್ಪಿಲ್ಲ. ಆ ಇಪ್ಪತ್ತೇಳನ್ನೂ ಟೈಪ್ ಮಾಡಿದವಳು ನಾನೇ. ಸೋಮವಾರ ಸರ್ವೇಯವರು ಕಲ್ಲು ನೆಡಲು ಬರುತ್ತಾರಂತೆ. ಅಷ್ಟರೊಳಗೆ ಯಾರಾದರೂ ನಿಮಗೆ ಓದಿ ಹೇಳಲಿ ಎಂದು ಇದನ್ನು ಪತ್ರಿಕೆಗೆ ಬರೆಯುತ್ತಿದ್ದೇನೆ.

ನಿಮ್ಮ ‘ಚರ್ಚಾ ನಕಾಶೆ’ ಜಾಲತಾಣವನ್ನು ನಾನು ಮೆಚ್ಚಿದ್ದೆ, ಸುಳ್ಳೇಕೆ ಹೇಳಲಿ. ನಡುವೆ ಪ್ರಶ್ನೆ, ಒಂದು ಕಡೆ ಪರವಾದ ಮಾತುಗಳ ಹಸಿರು ಪೆಟ್ಟಿಗೆಗಳು, ಇನ್ನೊಂದು ಕಡೆ ವಿರೋಧದ ಕೆಂಪು ಪೆಟ್ಟಿಗೆಗಳು, ಯಾವ ಮಾತಿಗೆ ಯಾವ ಉತ್ತರವೆಂದು ತೋರಿಸುವ ಗೆರೆಗಳು. ಯಾರು ಬೇಕಾದರೂ ಸೇರಿಸಬಹುದು. ಸಭೆಯಲ್ಲಿ ಜೋರು ಬಾಯಿಯವರೇ ಗೆಲ್ಲುತ್ತಾರೆ, ಇಲ್ಲಿ ಎಲ್ಲರ ಮಾತೂ ಕಾಣುತ್ತದೆ ಎಂದು ಬೀಳಗಿಯಲ್ಲಿ ಕಂಪ್ಯೂಟರ್ ಕಲಿಸುವ ನಾನೇ ಊರವರಿಗೆ ಭರವಸೆ ಕೊಟ್ಟೆ. ಲ್ಯಾಪ್‌ಟಾಪ್ ಹಿಡಿದುಕೊಂಡು ಬೀರಪ್ಪನ ಗುಡಿಗೆ ಹೋದೆ.

ಅಲ್ಲಿ ಕಂಬಳಿ ಹಾಸಿತ್ತು. ನಮ್ಮೂರ ಪದ್ಧತಿ ನಿಮಗೆ ತಿಳಿದಿರಲಿಕ್ಕಿಲ್ಲ. ಕಂಬಳಿಯ ಮೇಲೆ ಕೂತವರು ಮೊದಲ ದಿನ ಎದುರಿನವರ ಮಾತನ್ನು ತಮ್ಮ ಬಾಯಿಂದ ಹೇಳಬೇಕು, ಅದೂ ಎದುರಿನವರೇ ತಲೆದೂಗುವಷ್ಟು ಚೆನ್ನಾಗಿ. ತಮ್ಮ ಮಾತಿನ ಸರದಿ ಮರುದಿನ. ಅರವತ್ತು ಕುರಿ ಕಾಯುವ ನನ್ನ ಸೋದರತ್ತೆ ಮಾಯವ್ವ ಮೊದಲು ಬಾಯಿ ತೆರೆದಳು.

“ಸಾಹೇಬ್ರ ಮಾತ ಮೊದ್ಲ ಬರಿ ರೇಷ್ಮಾ. ಅವ್ರ ಮಾತಿನ್ಯಾಗೂ ಖರೆ ಐತಿ. ಮುಳುಗಿದ ಮಂದಿಗೆ ಮನಿ ಬ್ಯಾಡೇನು? ಸಾಲಿ, ದವಾಖಾನಿ ಎಲ್ಲಿ ಕಟ್ಟಬೇಕ ಅವ್ರು?”

ಬರೆದೆ. ಒಬ್ಬೊಬ್ಬರಾಗಿ ಎಲ್ಲರೂ ನಿಮ್ಮ ಪರವಾಗಿ, ನಿಮ್ಮ ಕಚೇರಿಯಲ್ಲಿ ಯಾರಿಗೂ ಹೊಳೆಯದಷ್ಟು ಚೆನ್ನಾಗಿ ಮಾತಾಡಿದರು. ನಾನು ಹೆಮ್ಮೆಯಿಂದ ಹಸಿರು ಪೆಟ್ಟಿಗೆ ತುಂಬಿಸಿದೆ. ಮರುದಿನ ಅದೇ ಕಂಬಳಿಯ ಮೇಲೆ ಕೂತು ಪುಟ ತೆರೆದರೆ ‘ಚರ್ಚೆ ಮುಕ್ತಾಯವಾಗಿದೆ’. ಕೊನೆಯ ದಿನಾಂಕ ಪುಟದ ಬುಡದಲ್ಲಿ, ಇಂಗ್ಲಿಷಿನಲ್ಲಿ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿತ್ತು. ಅದನ್ನು ನೋಡದೆ ಹೋದದ್ದು ನನ್ನ ತಪ್ಪು. ಕೈಮುಗಿದು ಒಪ್ಪುತ್ತೇನೆ.

ಆದರೆ ಕೆಂಪು ಬದಿ ಪೂರ್ತಿ ಖಾಲಿ ಇದ್ದದ್ದನ್ನು ಕಂಡು ನಿಮ್ಮಲ್ಲಿ ಒಬ್ಬರಿಗೂ ಅನುಮಾನ ಬರಲಿಲ್ಲವೇ? ತನ್ನ ಹುಲ್ಲುಗಾವಲು ಹೋಗುವಾಗ ಒಂದು ಊರು ಒಂದೇ ಒಂದು ಆಕ್ಷೇಪವನ್ನೂ ಎತ್ತದೆ ಇರುತ್ತದೆಯೇ? ನಿಮ್ಮ ಕಚೇರಿಗೆ ಫೋನ್ ಮಾಡಿದೆ. “ಸಿಸ್ಟಮ್ ಲಾಕ್ ಆಗೇತ್ರಿ ಮೇಡಂ, ನಮ್ಮ ಕೈಯಾಗ ಏನಿಲ್ರಿ” ಎಂದರು. ಎರಡು ಸಲ ನಾನೇ ಬಂದೆ. ಎರಡು ಸಲವೂ ನೀವು ಮೀಟಿಂಗಿನಲ್ಲಿದ್ದಿರಿ. ಬಹುಶಃ ಜನಾಭಿಪ್ರಾಯ ಸಂಗ್ರಹದ ಮೀಟಿಂಗು ಇರಬೇಕು.

ಎರಡನೇ ದಿನ ಮಾಯವ್ವ ಹೇಳಬೇಕೆಂದಿದ್ದು ಇಷ್ಟೇ. ಹೊಸ ಊರಿನ ಸುತ್ತ ಮೂರು ಕಡೆ ಕಬ್ಬು. ಕುರಿ ನೀರಿಗೆ ಇಳಿಯಲು ಇರುವುದು ಆ ಗೋಮಾಳದ ಇಳಿಜಾರೊಂದೇ. ಅಲ್ಲಿ ಮನೆಗಳೆದ್ದರೆ ಕುರಿ ಕಬ್ಬಿನಲ್ಲೇ ಹಾಯಬೇಕು, ದಿನವೂ ಹೊಡೆದಾಟ. ಮನೆ, ಸಾಲಿ, ದವಾಖಾನಿಗೆ ಮೇಲಿನ ಕಲ್ಲುಭೂಮಿ ಸಾಕು, ಅಲ್ಲಿ ಹೇಗೂ ಹುಲ್ಲು ಬೆಳೆಯುವುದಿಲ್ಲ. ಇದನ್ನು ಬರೆಯಲು ಒಂದೇ ಒಂದು ಕೆಂಪು ಪೆಟ್ಟಿಗೆ ಸಾಕಿತ್ತು.

ನಿಮ್ಮ ಆದೇಶವನ್ನು ಅವಳಿಗೆ ಓದಿ ಹೇಳಿದವಳೂ ನಾನೇ. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲಿಲ್ಲ. “ಸುಳ್ಳೇನ ಬರದಿಲ್ಲ ಬಿಡು ಅವ್ರು, ನಾ ಅಂದದ್ದ ಐತಿ. ಆದ್ರ ನನ್ನ ಮಾತ ಇನ್ನಾ ಮುಗಿದಿದ್ದಿಲ್ಲಲ್ಲವಾ?” ಎಂದಳು. ಶುಕ್ರವಾರ ಹದಿನೈದು ಕುರಿ ಸಂತೆಗೆ ಹೋದವು. ಉಳಿದವು ಮುಂದಿನ ವಾರವಂತೆ. ಅವಳ ಮುಖ ನೋಡಲು ನನಗೆ ಆಗುತ್ತಿಲ್ಲ.

ನಕಾಶೆಯನ್ನು ಮತ್ತೆ ತೆರೆಯಿರಿ ಎಂದು ಕೇಳುವುದಿಲ್ಲ. ಆ ಯಂತ್ರದ ಮೇಲಿದ್ದ ನನ್ನ ಭಕ್ತಿ ಇಳಿದಿದೆ. ಸೋಮವಾರ ಕಲ್ಲುಗಳ ಜೊತೆ ನೀವೂ ಬನ್ನಿ. ಕಂಬಳಿ ಹಾಸಿರುತ್ತೇವೆ. ಮಾಯವ್ವ ನಿಮ್ಮ ಮಾತನ್ನು ಹೇಳಿದಳಲ್ಲ, ಹಾಗೆಯೇ ಅವಳ ಮಾತನ್ನು ಒಮ್ಮೆ ನಿಮ್ಮ ಬಾಯಿಂದ ಹೇಳಿ. ಅವಳು ತಲೆದೂಗಬೇಕು. ಆಮೇಲೂ ಕಲ್ಲು ನೆಡಲು ಮನಸ್ಸು ಬಂದರೆ ನೆಡಿ.

ಇಂತಿ,
ನಿಮ್ಮ ವಾದವನ್ನು ನಿಮಗಿಂತ ಚೆನ್ನಾಗಿ ಟೈಪ್ ಮಾಡಿಕೊಟ್ಟ
ರೇಷ್ಮಾ