ದೋರಿನ್ ಕಣಿವೆಯ ನಲವತ್ತೊಂದು ಚಿತ್ರಗಳು

ಗದಗ-ಬೆಟಗೇರಿ,
೨೧೫೪ನೆಯ ಇಸವಿ, ಹದಿಮೂರನೆಯ ತಿಂಗಳ ಐದನೆಯ ದಿನ

ನಾನು ಹುಟ್ಟುವ ಮೊದಲೇ ಬದುಕಿ ಮುಗಿಸುವ ಹಿರಿಯರಿಗೆ, ಪಂಪಾವತಿ ಕೊಣ್ಣೂರ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಕೈತಪ್ಪು ಎಂದುಕೊಳ್ಳಬೇಡಿ. ಬೇಸಗೆ ಉದ್ದವಾಗುತ್ತ ಹೋದ ಮೇಲೆ ನಿಮ್ಮ ಮೊಮ್ಮಕ್ಕಳು ವರ್ಷವನ್ನು ಹದಿಮೂರು ತಿಂಗಳಾಗಿ ಹಂಚಿಕೊಂಡರು. ಈಗ ವರ್ಷ ಮೊದಲ ಮಳೆಗೆ ಶುರುವಾಗಿ ಬಿಸಿಲಿಗೆ ಮುಗಿಯುತ್ತದೆ. ಕೊನೆಯದಕ್ಕೆ ನೆರಳು ತಿಂಗಳು ಎಂದು ಹೆಸರು. ಆ ತಿಂಗಳು ಯಾರೂ ಬಯಲಿನಲ್ಲಿ ದುಡಿಯುವಂತಿಲ್ಲ. ಹಾಗಾಗಿ ಬರೆಯಲು ಪುರುಸೊತ್ತು ಸಿಕ್ಕಿದೆ. ನನ್ನ ಕೆಲವು ಮಾತುಗಳು ನಿಮಗೆ ಅಪರಿಚಿತವೆನಿಸಬಹುದು, ಅದಕ್ಕೆ ಕ್ಷಮೆಯಿರಲಿ. ಕಾಲದಲ್ಲಿ ಹಿಂದಕ್ಕೆ ಪತ್ರ ಒಯ್ಯುವ ಕಚೇರಿಗೆ ನಾವು ಹಿನ್ನಂಚೆ ಎನ್ನುತ್ತೇವೆ. ಅಲ್ಲಿ ಒಬ್ಬರಿಗೆ ಜನ್ಮದಲ್ಲಿ ಒಂದೇ ಪತ್ರಕ್ಕೆ ಅವಕಾಶ. ಹೆಚ್ಚಿನವರು ಗಿಡ ನೆಡಿ, ಕೆರೆ ಮುಚ್ಚಬೇಡಿ ಎಂದು ಬರೆಯುತ್ತಾರೆ. ನಾನು ಫೋಟೋಗಳ ಬಗ್ಗೆ ಬರೆಯುತ್ತೇನೆ ಎಂದಾಗ ನನ್ನ ಗಂಡ ಫಕೀರೇಶ ನಕ್ಕುಬಿಟ್ಟರು. "ಮಂದಿ ಎಲ್ಲಾ ಮಳಿ ಕೇಳಾಕತ್ತಾರ, ನೀ ಫೋಟೋ ಕೇಳಾಕತ್ತೀಯಲ್ಲ!" ಕೇಳುತ್ತೇನೆ. ಯಾಕೆಂದು ಹೇಳುತ್ತೇನೆ.

ನಾನು ಗದಗಿನಲ್ಲಿ ಪುಸ್ತಕ ಹೊಲಿಯುವವಳು. ಈ ಊರಿನಲ್ಲಿ ಇನ್ನೂ ಎರಡು ಛಾಪಖಾನೆಗಳಿವೆ. ಕಾಗದವೆಂದರೆ ಏನೆಂದು ನನಗೆ ಗೊತ್ತು. ಫೋಟೋ ತೆಗೆಯುವುದು ಬರಿಯ ಹುಚ್ಚು, ಅದರಿಂದ ನಾನು ಎಂದೂ ಹೊಟ್ಟೆ ಹೊರೆದವಳಲ್ಲ. ನಮ್ಮ ಕಾಲದ ಕ್ಯಾಮೆರಾಗಳಲ್ಲಿ ತಿದ್ದುಗಣ್ಣು ಇರುತ್ತದೆ. ನೀವು ಗುಂಡಿ ಒತ್ತುವ ಹೊತ್ತಿಗೇ ಅದು ತಂತಿ, ಕಸ, ಬೆವರು, ಅಡ್ಡ ಬಂದ ಮನುಷ್ಯರು ಎಲ್ಲವನ್ನೂ ಅಳಿಸಿ, ಆಕಾಶಕ್ಕೆ ನೀಲಿ ತುಂಬಿ ಕೊಡುತ್ತದೆ. ಇದರ ಮೊಳಕೆ ನಿಮ್ಮ ಜೇಬಿನಲ್ಲೇ ಇದೆಯೆಂದು ಓದಿದ್ದೇನೆ. ಹುಬ್ಬಳ್ಳಿಯ ಹಳೆ ಸಾಮಾನಿನ ಅಂಗಡಿಯಲ್ಲಿ ನನಗೆ ತಿದ್ದುಗಣ್ಣಿಲ್ಲದ, ರೀಲು ಹಾಕುವ ಕ್ಯಾಮೆರಾ ಒಂದು ಸಿಕ್ಕಿತ್ತು. ಅದನ್ನು ಕೊರಳಿಗೆ ಹಾಕಿಕೊಂಡು, ಇಪ್ಪತ್ತೇಳನೆಯ ವಯಸ್ಸಿನಲ್ಲಿ, ಒಬ್ಬಳೇ ತೆರ್ಸಾನ್ ದೇಶಕ್ಕೆ ಹೋದೆ.

ತೆರ್ಸಾನನ್ನು ನಿಮ್ಮ ನಕ್ಷೆಯಲ್ಲಿ ಹುಡುಕಬೇಡಿ. ಉತ್ತರದ ಬೆಟ್ಟಗಳ ಆಚೆ ಮೂರು ದೇಶಗಳ ಅಂಚುಗಳು ಸೇರಿ ಆದ ದೇಶ ಅದು. ರೈಲಿನಲ್ಲಿ ಆರು ದಿನ. ಅಲ್ಲಿ ದೋರಿನ್ ಎಂಬ ಕಣಿವೆಯ ಊರಿನಲ್ಲಿ ಒಂಬತ್ತು ವಾರ ಉಳಿದೆ. ಮಾಳಿಗೆಗಳ ಮೇಲೆ ಹಳದಿ ಹಣ್ಣು ಒಣಗಿಸುತ್ತಿದ್ದರು. ಬೆಳಿಗ್ಗೆ ಓಣಿಯ ಹೆಂಗಸರೆಲ್ಲ ಒಂದೇ ಒಲೆಯಲ್ಲಿ ಸರದಿಯಂತೆ ರೊಟ್ಟಿ ಬೇಯಿಸುತ್ತಿದ್ದರು. ಮೂರನೆಯ ವಾರದಿಂದ ನನಗೂ ಸರದಿ ಕೊಟ್ಟರು. ಊರಿನ ಕೆಳಗೆ ಹೊಳೆ. ಹೊಳೆಗೆ ಅಡ್ಡಲಾಗಿ ಹಗ್ಗ, ಹಗ್ಗ ಹಿಡಿದು ಎಳೆಯುವ ದೋಣಿ. ಆ ದೋಣಿಯನ್ನು ಆಯ್ಮಿರಾ ಎಂಬ ನನ್ನದೇ ಓರಗೆಯ ಹೆಂಗಸು, ಅವಳ ತಂದೆಯ ಜೊತೆ ಸೇರಿ ಎಳೆಯುತ್ತಿದ್ದಳು. ಇಂಥವನ್ನೆಲ್ಲ ನಲವತ್ತೊಂದು ಚಿತ್ರ ತೆಗೆದೆ. ಊರಿಗೆ ಬಂದು ಕಾಗದಕ್ಕೆ ಇಳಿಸಿ, ಹಿಂಬದಿಯಲ್ಲಿ ಹೆಸರು ಬರೆದೆ. ಆಮೇಲೆ ಮದುವೆ, ಮಕ್ಕಳು, ಕೆಲಸ. ನಲವತ್ತೆರಡು ವರ್ಷ ಹೋದದ್ದೇ ತಿಳಿಯಲಿಲ್ಲ.

ಎರಡು ವರ್ಷಗಳ ಹಿಂದೆ, ಅರವತ್ತೊಂಬತ್ತರಲ್ಲಿ, ಆ ಜನಕ್ಕೆ ಅವರ ಚಿತ್ರ ತೋರಿಸಿಬರೋಣವೆಂದು, ಅದೇ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಮತ್ತೆ ಹೊರಟೆ. ಬೇರೆ ಭಾಷೆಯ ಮಾತನ್ನೂ ಬರಹವನ್ನೂ ನಮ್ಮ ಭಾಷೆಗೆ ತಿರುಗಿಸಿ ಹೇಳುವ ಕಿವಿಮಣಿ ಎಂಬುದು ಈಗ ಎಲ್ಲರ ಬಳಿಯೂ ಇದೆ. ಕೊಂಡಾಗ ಅದಕ್ಕೆ ಸುದ್ದಿ ಓದುವವರ ಕನ್ನಡ ಮಾತ್ರ ಬರುತ್ತದೆ. ಫಕೀರೇಶ ಎರಡು ತಿಂಗಳು ಅದರ ಜೊತೆ ಹರಟೆ ಹೊಡೆದು ಗದಗಿನ ಮಾತು ಕಲಿಸಿದ್ದರು. ಹೀಗಾಗಿ ತೆರ್ಸಾನಿನಲ್ಲಿ ಎಲ್ಲರೂ, ಗಡಿಯ ಅಧಿಕಾರಿಗಳು ಸಹ, ನನ್ನ ಕಿವಿಯಲ್ಲಿ ನಮ್ಮ ಮನೆಯವರಂತೆ ಮಾತಾಡಿದರು. ಸಿಟ್ಟು ಮಾಡುವುದು ಅದರಿಂದ ಸ್ವಲ್ಪ ಕಷ್ಟವಾಯಿತು, ಆದರೂ ಮಾಡಿದೆ.

ಗಡಿಯಲ್ಲೇ ಮೊದಲ ತಕರಾರು. ಚೀಲ ನೋಡಿದ ಹುಡುಗಿ ಚಿತ್ರಗಳನ್ನು ತಿದ್ದುಯಂತ್ರಕ್ಕೆ ಹಾಕಬೇಕೆಂದಳು. ಹಳೆಯದನ್ನು ಒಳಗೆ ಬಿಟ್ಟರೆ ಹೊಸದು ಹೊರಬರುತ್ತದೆ. ಹಳೆಯದು ಮಾತ್ರ ಬರುವುದಿಲ್ಲ.

"ಭಾಳ ಮಾಸ್ಯಾವ ನೋಡ್ರಿ ಇವು. ಎರಡ ನಿಮಿಷದಾಗ ಚೊಕ್ಕ ಮಾಡಿ ಕೊಡ್ತೀವಿ."

"ಮಾಸಿದ್ದಽ ಇರಲಿ ಬಿಡವಾ."

"ಪುಕ್ಕಟೆ ಐತ್ರೀ."

"ಪುಕ್ಕಟೆ ಆದ್ರೂ ಬ್ಯಾಡ."

ಮೂರು ತಾಸು ಕೂರಿಸಿದರು. ಅವರ ಕಾನೂನು ಪುಸ್ತಕದಲ್ಲಿ ಕಾಗದದ ಚಿತ್ರದ ಬಗ್ಗೆ ಒಂದು ಸಾಲೂ ಇರಲಿಲ್ಲ. ಅಂಥದ್ದೊಂದು ಇನ್ನೂ ಉಳಿದಿದೆಯೆಂದು ಯಾರಿಗೂ ನೆನಪಿರಲಿಲ್ಲ. ಕೊನೆಗೆ ಬಿಟ್ಟರು.

ಕಣಿವೆಗೆ ಹೋಗುವ ರಸ್ತೆ ನೀರಿನ ದಂಡೆಗೆ ಬಂದು ನಿಂತಿತು. ಕಣ್ಣು ಹಾಯುವಷ್ಟು ದೂರ ಸರೋವರ, ಅದರ ಮೇಲೆ ಬಣ್ಣದ ಛತ್ರಿಗಳ ದೋಣಿಗಳು. ಒಂದು ಫಲಕವಿತ್ತು. ಜನವಸತಿಯಿಲ್ಲದ ಕಣಿವೆಯಲ್ಲಿ ನಿರ್ಮಿಸಿದ ಸರೋವರ ಎಂದು ಕಿವಿಮಣಿ ಓದಿ ಹೇಳಿತು. ಇನ್ನೊಮ್ಮೆ ಓದಿಸಿದೆ. ಮತ್ತೂ ಒಮ್ಮೆ ಓದಿಸಿದೆ. ಜನವಸತಿಯಿಲ್ಲದ ಆ ಕಣಿವೆಯಲ್ಲಿ ನಾನು ಒಂಬತ್ತು ವಾರ ರೊಟ್ಟಿ ತಿಂದಿದ್ದೆ.

ದಂಡೆಯ ಹಿಂದೆ ಹಲಗೆಯ ಮನೆಗಳ ಸಾಲೊಂದು ಕಂಡಿತು. ಹೊಗೆಯ ಜಾಡು ಹಿಡಿದು ಹೋದರೆ ಹೆಂಗಸರು ಒಂದೇ ಒಲೆಯ ಸುತ್ತ ಕೂತಿದ್ದರು. ದೋಣಿಯ ಚಿತ್ರ ತೆಗೆದು ಮುಂದೆ ಹಿಡಿದೆ. ಒಬ್ಬ ಮುದುಕಿ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಅದನ್ನು ತೆಗೆದುಕೊಂಡಳು. ಕಣ್ಣಿನ ಹತ್ತಿರ ಹಿಡಿದು ನೋಡಿದಳು.

"ನಮ್ಮಪ್ಪ ಇಷ್ಟ ತೆಳ್ಳಗ ಇದ್ದನೇನು?" ಎಂದಳು ಆಯ್ಮಿರಾ.

ಒಳಗೆ ಕರೆದೊಯ್ದು ತನ್ನ ಬಳಿ ಇದ್ದ ಅಪ್ಪನ ಚಿತ್ರ ತೋರಿಸಿದಳು. ಅವರ ಚಿತ್ರಗಳೆಲ್ಲ ದೂರದ ಯಾವುದೋ ಭಂಡಾರದಲ್ಲಿದ್ದವು. ಭಂಡಾರ ಒಂದು ದಿನ ಎಲ್ಲವನ್ನೂ ತಾನಾಗಿಯೇ ತಿದ್ದಿಕೊಂಡಿತ್ತು. ಹೊಳೆಯಿಲ್ಲ, ಹಗ್ಗವಿಲ್ಲ. ಹೂವಿನ ಬಯಲಿನಲ್ಲಿ ಗುಂಡುಮುಖದ ಯಾರೋ ನಗುತ್ತ ನಿಂತಿದ್ದರು. "ಇಷ್ಟ ವರ್ಷ ಈ ಮಾರಿ ನೋಡಿಕೊಂತ ಅತ್ತೀನಿ," ಎಂದಳು. ಆಮೇಲೆ ಅವಳಿಗೆ ನಗು ಬಂತು. ನನಗೂ ಬಂತು. ಇಬ್ಬರೂ ಅಳುತ್ತ ನಗುತ್ತ ಕೂತೆವು.

ವಿಷಯ ಇಷ್ಟು. ದೋರಿನ್ ಮುಳುಗಿದಾಗ ಎಪ್ಪತ್ತಾರು ಮನೆಗಳ ಜನ ದಂಡೆಗೆ ಬಂದು ಕೂತಿದ್ದರು. ಈಗ ಸರೋವರ ಮಂಡಳಿಗೆ ಆ ದಂಡೆಯಲ್ಲಿ ಪ್ರವಾಸಿಗಳ ತಂಗುಮನೆ ಕಟ್ಟಬೇಕಿತ್ತು. ಕಣಿವೆಯಲ್ಲಿ ಬದುಕಿದ್ದಕ್ಕೆ ಸಾಕ್ಷಿ ಕೊಟ್ಟರೆ ಉಳಿಯಬಹುದು, ಇಲ್ಲದಿದ್ದರೆ ಉಪ್ಪುಬಯಲಿಗೆ ಸಾಗಹಾಕುತ್ತೇವೆ ಎಂದಿದ್ದರು. ಸಾಕ್ಷಿಯಾಗಬೇಕಿದ್ದ ಚಿತ್ರಗಳಲ್ಲೆಲ್ಲ ಹೂವಿನ ಬಯಲು. ವಿಚಾರಣೆಗೆ ಹನ್ನೊಂದು ದಿನವಿತ್ತು. ನನ್ನ ಮರುಪ್ರಯಾಣದ ಟಿಕೆಟ್ಟು ನಾಲ್ಕನೆಯ ದಿನಕ್ಕಿತ್ತು. ಹರಿದು ಒಲೆಗೆ ಹಾಕಿದೆ.

ವಿಚಾರಣೆಯ ದಿನ ಮಂಡಳಿಯ ವಕೀಲ ಚಿತ್ರಗಳನ್ನು ನೋಡಿ ಮೂಗು ಮುರಿದ. ಇದು ಓರೆ, ಅದು ಮಸುಕು, ಇವರು ಫೋಟೋ ಕಲಿತವರಲ್ಲ. "ಇದರಾಗಂತೂ ಯಾರದೋ ಬೆರಳಽ ಬಂದೈತಿ."

"ನಂದಽ ರೀ ಅದು," ಎಂದೆ. ಎಳೆವಯಸ್ಸಿನಲ್ಲಿ ಪುಸ್ತಕ ಹೊಲಿಯುವ ದಬ್ಬಣ ಹೊಕ್ಕು ಆದ ಗಾಯದ ಗುರುತು ನನ್ನ ಹೆಬ್ಬೆರಳಿನಲ್ಲಿದೆ. ಚಿತ್ರದ ಮೂಲೆಯಲ್ಲೂ ಇತ್ತು. "ಕಲಿತವರು ಇದನ್ನ ಕತ್ತರಿಸಿ ಒಗೀತಿದ್ರು. ನಾ ಕಲತಿಲ್ಲ. ಹೊಂದಿಸಿ ನೋಡ್ರಿ."

ಮೂಲಚಿತ್ರಗಳನ್ನು ಸರ್ಕಾರದ ಭಂಡಾರಕ್ಕೆ ಒಪ್ಪಿಸಬೇಕು, ಆಗಲೇ ಅದು ಸಾಕ್ಷಿ ಎಂದ ವಕೀಲ. ಭಂಡಾರಕ್ಕೆ ಹೋದದ್ದು ಏನಾಗುತ್ತದೆಂದು ಆ ಸಭೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

"ನೋಡಾಕ ಕೊಡ್ತೀನಿ, ಇಟಗೊಳ್ಳಾಕ ಕೊಡೂದಿಲ್ಲ," ಎಂದೆ. ಆಯ್ಮಿರಾ ಎದ್ದು, ನಾನು ತಂದ ಅಪ್ಪನ ಚಿತ್ರವನ್ನು ಎದೆಗೆ ಹಿಡಿದು ನಿಂತಳು. ಅವಳ ಹಿಂದೆ ಇನ್ನೊಬ್ಬರು ಎದ್ದರು, ಮತ್ತೊಬ್ಬರು. ತಲಾ ಒಂದು ಚಿತ್ರ ಹಿಡಿದು ನಲವತ್ತೊಂದು ಜನ ಸಾಲಾಗಿ ನಿಂತರು. ವಿಚಾರಣೆಯ ಹಿರಿಯ ಅಧಿಕಾರಿ "ನಾನಽ ಬರ್ತೀನಿ," ಎಂದು ಪೀಠದಿಂದ ಇಳಿದು ಬಂದ. ಕಾಗದದ ಮುಖ ನೋಡುವುದು, ಎದುರಿನ ಮುಖ ನೋಡುವುದು, ಹಿಂಬದಿಯ ಹೆಸರು ಓದಿಸಿಕೊಳ್ಳುವುದು. ಇಡೀ ಮಧ್ಯಾಹ್ನ ಅದೇ ಆಯಿತು.

ಮೂರನೆಯ ದಿನ ತೀರ್ಪು ಬಂತು. ಚಿತ್ರದಲ್ಲಿ ಮುಖವೋ ಮನೆಯೋ ಕಂಡ ಇಪ್ಪತ್ತೊಂಬತ್ತು ಮನೆಗಳವರು ಉಳಿಯಬಹುದು. ಉಳಿದ ನಲವತ್ತೇಳು ಮನೆಗಳಿಗೆ ಸಾಕ್ಷಿಯಿಲ್ಲ. ಮೂಲಚಿತ್ರ ಒಪ್ಪಿಸದ ನಾನು ಎರಡು ದಿನದಲ್ಲಿ ದೇಶ ಬಿಡಬೇಕು, ಐದು ವರ್ಷ ಕಾಲಿಡಬಾರದು.

ಜನ ನನ್ನ ಕೈ ಹಿಡಿದು ಅಳುತ್ತಿದ್ದಾಗ ಬೆರ್ದಾನ್ ಎಂಬ ಮುದುಕ ಹತ್ತಿರ ಬಂದ. ಅವನು ಆ ನಲವತ್ತೇಳು ಮನೆಗಳಿದ್ದ ಕೆಳಗಿನ ಓಣಿಯವನು. ಸಿಟ್ಟಿರಲಿಲ್ಲ, ಬರೀ ಕೇಳಿದ. "ನಮ್ಮ ಓಣಿ ನಿಮಗ ಕಾಣಲಿಲ್ಲೇನ್ರಿ?"

ಕಂಡಿತ್ತು. ದೋಣಿಗೆ ಹೋಗಲು ದಿನಾ ಆ ಓಣಿಯಲ್ಲೇ ನಡೆದಿದ್ದೆ. ಸಿಮೆಂಟ್ ಇಟ್ಟಿಗೆಯ ಗಿಲಾವು ಇಲ್ಲದ ಗೋಡೆಗಳು, ಗೋಜಲು ತಂತಿ, ತುದಿಯಲ್ಲಿ ಕಸದ ಗುಡ್ಡೆ. ಚೆಂದವಿಲ್ಲವೆಂದು ಕ್ಯಾಮೆರಾ ಎತ್ತಿರಲಿಲ್ಲ. ಒಳ್ಳೆಯದಕ್ಕಿರಲಿ ಎಂದು ರೀಲು ಉಳಿಸಿದ್ದೆ. ತಿದ್ದುಗಣ್ಣು ಮಾಡುವ ಕೆಲಸವನ್ನು ನಾನು ಬರಿಗಣ್ಣಿನಿಂದಲೇ ಮಾಡಿಬಿಟ್ಟಿದ್ದೆ. "ಕಂಡಿತ್ತಪ್ಪಾ," ಎಂದೆ. "ತಪ್ಪಾತು." ಅವನು ತಲೆಯಾಡಿಸಿ ಹೋದ. ಬೈದಿದ್ದರೆ ಹಗುರವಾಗುತ್ತಿತ್ತು.

ಮುಂದೆ ನಡೆದದ್ದನ್ನು ಆಯ್ಮಿರಾ ನಡೆಸಿದಳು. ಸಾಗಿಸುವ ಬಂಡಿಗಳು ಬರುವ ಬೆಳಿಗ್ಗೆ ಅವಳು ಮನೆಮನೆಗೆ ಹೋಗಿ ಕೆಳಗಿನ ಓಣಿಯವರ ಹಾಸಿಗೆ, ಪಾತ್ರೆ ಎಲ್ಲವನ್ನೂ ಇಪ್ಪತ್ತೊಂಬತ್ತು ಮನೆಗಳ ಒಳಗೆ ಇಡಿಸಿದಳು. "ಮನಿ ಇಪ್ಪತ್ತೊಂಬತ್ತ ಅಂತ ಬರದಾರ. ಮನ್ಯಾಗ ಎಷ್ಟ ಮಂದಿ ಇರಬೇಕಂತ ಬರದಿಲ್ಲ," ಎಂದಳು. ಬಂಡಿಗಳು ಸಂಜೆಯವರೆಗೆ ಕಾದು ಖಾಲಿ ಹೋದವು. ಇವರು ಇಲ್ಲಿರಲೇ ಇಲ್ಲವೆಂದು ಮುಂದೆ ಯಾರೂ ಹೇಳದಿರಲೆಂದು, ನನಗೆ ಉಳಿದಿದ್ದ ಎರಡು ದಿನವನ್ನು ನಾನು ನಲವತ್ತೇಳು ಮನೆಯವರ ಚಿತ್ರ ತೆಗೆಯುವುದಕ್ಕೇ ಸುರಿದೆ. ಸುಡುಬಿಸಿಲಿನಲ್ಲಿ, ಕಣ್ಣು ಕಿರಿದು ಮಾಡಿಕೊಂಡು, ಕೆಲವರ ತಲೆ ಅರ್ಧ ಕತ್ತರಿಸಿಹೋದರೂ ಬಿಡದೆ ತೆಗೆದೆ. ಹಳೆಯ ನಲವತ್ತೊಂದನ್ನು ಅವರವರ ಕೈಗೇ ಕೊಟ್ಟು ಬಂದೆ.

ಆ ನಲವತ್ತೇಳು ಮನೆಗಳ ಮೇಲ್ಮನವಿ ಇನ್ನೂ ನಡೆದಿದೆ. ಹೊಸ ಚಿತ್ರಗಳನ್ನು ಇಲ್ಲಿ ಅಚ್ಚು ಹಾಕಿ, ಗಡಿಯ ತಿದ್ದುಯಂತ್ರಕ್ಕೆ ಸಿಗದಂತೆ ದಪ್ಪ ಪುಸ್ತಕಗಳ ರಟ್ಟಿನೊಳಗಿಟ್ಟು, ಒಂದೊಂದಾಗಿ ಹೊಲಿದು ಕಳಿಸುತ್ತಿದ್ದೇನೆ. ಇದುವರೆಗೆ ಹತ್ತೊಂಬತ್ತು ತಲುಪಿವೆ. ನಾನು ಮಾಡುತ್ತಿರುವುದು ಅಪರಾಧವೆಂದು ತೆರ್ಸಾನಿನಿಂದ ನೋಟಿಸು ಬಂದಿದೆ. ಅದನ್ನೂ ಒಂದು ರಟ್ಟಿನ ಒಳಬದಿಗೆ ಅಸ್ತರಿಯಾಗಿ ಅಂಟಿಸಿದ್ದೇನೆ, ಕಾಗದ ಒಳ್ಳೆಯದಿತ್ತು.

ಹಿರಿಯರೇ, ನಿಮ್ಮನ್ನು ಕೇಳುವುದು ಇಷ್ಟೇ. ಪರದೇಶಕ್ಕೆ ಹೋದಾಗ ಸೂರ್ಯಾಸ್ತ ತೆಗೆಯಿರಿ, ಬೇಡವೆನ್ನುವುದಿಲ್ಲ. ಆದರೆ ನೀವು ನಿಂತ ಬಸ್ ನಿಲ್ದಾಣವನ್ನೂ ತೆಗೆಯಿರಿ. ನಿಮಗೆ ಚಹಾ ಕೊಟ್ಟವನನ್ನು, ಅವನ ಹಿಂದಿನ ಕೊಳಕು ಗೋಡೆಯನ್ನು ತೆಗೆಯಿರಿ. ಹೆಸರು ಕೇಳಿ ಬರೆದುಕೊಳ್ಳಿ. ಮಸುಕಾದದ್ದನ್ನು ಅಳಿಸಬೇಡಿ, ಕೆಲವನ್ನಾದರೂ ಕಾಗದಕ್ಕೆ ಇಳಿಸಿ. ಚೊಕ್ಕ ಮಾಡಿ ಕೊಡುತ್ತೇವೆಂದು ಬಹಳ ಸೌಜನ್ಯದಿಂದ ಕೇಳಿಕೊಂಡು ಬರುತ್ತಾರೆ. ಕೊಡಬೇಡಿ. ಯಾಕೆ ಕೊಡುವುದಿಲ್ಲವೆಂದು ವಿವರಿಸುವ ಅಗತ್ಯವೂ ಇಲ್ಲ. ಬೇಡ ಎಂದರೆ ಸಾಕು.

ನಿಷೇಧ ಮುಗಿಯುವಾಗ ನನಗೆ ಎಪ್ಪತ್ತನಾಲ್ಕು. ಮಂಡಿ ಈಗಲೇ ನೋಯುತ್ತದೆ. ಆದರೂ ಹೋಗುತ್ತೇನೆ. ಒಳಗೆ ಬಿಡದಿದ್ದರೆ ಗಡಿಯ ಬಾಗಿಲ ಎದುರು ಕುರ್ಚಿ ಹಾಕಿಕೊಂಡು ಕೂತು, ಒಳಗೆ ಹೋಗುವವರದು, ಹೊರಗೆ ಬರುವವರದು, ನನ್ನನ್ನು ಎಬ್ಬಿಸಲು ಬಂದವರದು, ಎಲ್ಲರ ಚಿತ್ರ ತೆಗೆಯುತ್ತೇನೆ.

ಇಂತು ನಿಮ್ಮವಳು,
ಪಂಪಾವತಿ ಫಕೀರೇಶ ಕೊಣ್ಣೂರ