ಎಲ್ಲದಕ್ಕೂ ಹೌದು

ಮನೆಯಿಂದ,
ಭಾನುವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಮಗಳೇ,

ಕಾಲುನೋವು ಈಗ ಹೇಗಿದೆ? ತರಬೇತಿಗೆಂದು ಅಷ್ಟು ದೂರ ಕರೆಸಿಕೊಂಡ ನರ್ಸುಗಳಿಗೆ ಕೂರಲು ಒಂದು ಸ್ಟೂಲು ಕೊಡದ ಆಸ್ಪತ್ರೆ ಅದೇನು ಕಲಿಸುತ್ತದೋ! ನನ್ನ ಬಿಪಿ ಹತೋಟಿಯಲ್ಲೇ ಇತ್ತು, ಕಳೆದ ಸೋಮವಾರದವರೆಗೆ. ಫೋನಿನಲ್ಲಿ ಹೇಳಹೊರಟರೆ ಕೂಗಾಡಿಬಿಡುತ್ತೇನೆ, ಅದಕ್ಕೇ ಈ ಕಾಗದ.

ನಮ್ಮ ಮೆಣಸಿನಕಾಳು, ಅದೇ ನಿನ್ನ ಮಗಳು, ಓದುವ ಶಾಲೆಯಲ್ಲಿ ಪ್ರಥಮ ಚಿಕಿತ್ಸೆಯ ತಂಡ ಕಟ್ಟುತ್ತಿದ್ದಾರೆ. ಇವಳು ಅದರ ನಾಯಕಿಯಾಗಬೇಕೆಂದು ಎರಡು ತಿಂಗಳಿಂದ ನನ್ನ ಕೈಕಾಲು, ತಲೆಗೆಲ್ಲ ಬ್ಯಾಂಡೇಜು ಸುತ್ತಿ ಅಭ್ಯಾಸ ಮಾಡಿದಳು. ಹಾಲಿನವನು ಗಾಬರಿಯಾಗಿ ಯಾವಾಗ ಬಿದ್ದಿರಿ ಎಂದು ಕೇಳಿದ. ಆದರೆ ಶಾಲೆಯಲ್ಲಿ ಬ್ಯಾಂಡೇಜು ಕಟ್ಟಿಸಿ ನೋಡಿದವರು ಯಾರು? ಹೊಸದಾಗಿ ಸಲಹೆಗಾರ್ತಿ ಅಂತ ಒಬ್ಬರು ಬಂದಿದ್ದಾರೆ. ನಾಯಕರನ್ನು ಆರಿಸಲು ಸೋಮವಾರ ಅವರು ಮಕ್ಕಳ ಆತ್ಮವಿಶ್ವಾಸ ಅಳೆಯುವ ಇಪ್ಪತ್ತು ಪ್ರಶ್ನೆಗಳ ಹಾಳೆ ಹಂಚಿದರು. 'ಎಂಥ ಪರಿಸ್ಥಿತಿಯನ್ನಾದರೂ ನಿಭಾಯಿಸಬಲ್ಲೆ' ಎಂಬುದರ ಮುಂದೆ ಇವಳು 'ಇಲ್ಲ' ಎಂದು ಗುರುತು ಹಾಕಿ ಪಕ್ಕದಲ್ಲಿ ಬರೆದಿದ್ದಾಳೆ: 'ಮೂಳೆ ಮುರಿದಿದ್ದರೆ ನಾನು ಅಲುಗಾಡಿಸುವುದಿಲ್ಲ, ದೊಡ್ಡವರನ್ನು ಕರೆಯುತ್ತೇನೆ.' ನೀನೇ ಕಲಿಸಿದ ಮಾತು! ಅದಕ್ಕೆ ಸೊನ್ನೆ. ಒಟ್ಟು ಇಪ್ಪತ್ತಕ್ಕೆ ಆರು. ನಾಯಕನಾದವನು ಇಪ್ಪತ್ತಕ್ಕೆ ಇಪ್ಪತ್ತು ತೆಗೆದ ಅವಳ ತರಗತಿಯ ಹುಡುಗ. ಪಾಪ, ಯಾರ ಮೂಗಿನಲ್ಲಾದರೂ ರಕ್ತ ಕಂಡರೆ ಬೆಂಚು ಹಿಡಿದು ಕೂರುತ್ತಾನೆ.

ಮಂಗಳವಾರವೇ ಜಗಳಕ್ಕೆ ಹೋದೆ. ಸಲಹೆಗಾರ್ತಿ ನಗುನಗುತ್ತಲೇ, 'ಇನ್ನೊಂದು ಸಲ ತುಂಬಿಸ್ಕೊಂಡು ಬನ್ನಿ ಸಾರ್, ಎಲ್ಲದಕ್ಕೂ ಹೌದು ಅಂತ ಹಾಕಿದ್ರೆ ಆಯ್ತು' ಎಂದು ಹೊಸ ಹಾಳೆ ಕೊಟ್ಟರು. ನನ್ನ ಮೈಯೆಲ್ಲ ಉರಿದುಹೋಯಿತು. ಮೂವತ್ತೆರಡು ವರ್ಷ ಅಂಗಡಿ ಅಂಗಡಿ ಸುತ್ತಿ ತಕ್ಕಡಿ ಪರೀಕ್ಷೆ ಮಾಡಿದವನು ನಾನು. ಅಲ್ಲ, ತುಂಬಿದ ಕೊಡ ತುಳುಕುವುದಿಲ್ಲ ಅಂತ ತಿಳಿಯದವರು ಮಕ್ಕಳನ್ನು ತೂಗುವುದೇ? ಇವಳಿಗೆ ಹಾಳೆ ಕೊಟ್ಟರೆ, 'ಬರದೇ ಇರೋದನ್ನ ಬರುತ್ತೆ ಅಂತ ಹೇಗೆ ಹಾಕ್ಲಿ ಅಜ್ಜ? ನನ್ನ ನಂಬಿ ಯಾರಾದ್ರೂ ಮುರಿದ ಕಾಲು ಚಾಚಿದ್ರೆ?' ಎಂದಳು. ಹದಿನೈದು ವರ್ಷದ ಹುಡುಗಿ! ತನಗೆ ಎಷ್ಟು ಬರುತ್ತದೆಂದು ಇಷ್ಟು ಖಚಿತವಾಗಿ ಬಲ್ಲವಳಿಗೆ ಆತ್ಮವಿಶ್ವಾಸ ಕಡಿಮೆಯಂತೆ! ನನಗೆ ಹೆಮ್ಮೆಯೂ ಆಯಿತು, ಸಂಕಟವೂ ಆಯಿತು. ಯಾಕೆಂದರೆ ಸಂಜೆ ಬ್ಯಾಂಡೇಜು ಸುರುಳಿಗಳನ್ನೆಲ್ಲ ಡಬ್ಬಿಗೆ ತುಂಬಿ ಅಟ್ಟಕ್ಕೆ ಹಾಕಿಬಿಟ್ಟಳು.

ಹೊತ್ತಿಗೆ ಸರಿಯಾಗಿ ಊಟ ಮಾಡು, ಕಾಲನ್ನು ಬಿಸಿನೀರಿನಲ್ಲಿಡು. ನಿನ್ನ ಕೈಗೆ ಬಂದ ರೋಗಿಗಳೆಲ್ಲ ಎದ್ದು ಓಡಾಡಲಿ, ನೀನೂ ಸುಖವಾಗಿರು.

ಇತಿ,
ನಿನ್ನ ಅಪ್ಪ

ತಾ.ಕ.: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಆ ಹೊಸ ಹಾಳೆಯನ್ನು ಬುಧವಾರ ನಾನೇ ತುಂಬಿ ಕೊಟ್ಟೆ. ಅವಳ ಹೆಸರು ಅವಳದೇ ದುಂಡಕ್ಷರದಲ್ಲಿ, ಎಲ್ಲದಕ್ಕೂ ಹೌದು. ಇಬ್ಬರು ನಾಯಕರಿರಲಿ ಎಂದು ಶುಕ್ರವಾರ ಇವಳಿಗೂ ಬ್ಯಾಡ್ಜು ಚುಚ್ಚಿದರು. ಇವಳು ಹಾಳೆ ತರಿಸಿ ನೋಡಿ, 'ಇದು ನಂದಲ್ಲ' ಎಂದು ಬ್ಯಾಡ್ಜು ಬಿಚ್ಚಿ ಮೇಜಿನ ಮೇಲಿಟ್ಟು ಬಂದಳು. ತಕ್ಕಡಿಗೆ ಹೆಬ್ಬೆರಳು ಒತ್ತಿದವನು ನಾನೇ, ಮಗಳೇ. ಮನೆಗೆ ಬಂದವಳದು ಒಂದೇ ಮಾತು: 'ಅಮ್ಮಂಗೆ ನೀನೇ ಬರಿ.' ಬರೆದಿದ್ದೇನೆ. ಇದು ತಲುಪಿದ ಕೂಡಲೇ ಅವಳಿಗೆ ಫೋನ್ ಮಾಡಿ, ಅಜ್ಜ ಎಲ್ಲವನ್ನೂ ಬರೆದಿದ್ದಾನೆ ಎಂದು ಹೇಳು. ನಾನು ಹೇಳಿದರೆ ನಂಬುತ್ತಿಲ್ಲ.