ಕಣ್ಣೀರು ಸುಳಿ

ಮಸ್ಕಿ
ತಾರೀಖು 20-5-1952

ಸಿಂಧನೂರಿನ ಶ್ರೀ ಅಮರಗುಂಡಪ್ಪನವರಿಗೆ, ಮಸ್ಕಿಯಿಂದ ಪಾರ್ವತೆಮ್ಮನ ಶರಣಾರ್ಥಿ.

ಗಂಡನ ಹೆಸರನ್ನು ಹೆಂಡತಿ ಬರೆದಳೆಂದು ಹೌಹಾರಬೇಡಿ. ನಿಮ್ಮ ಮನೆಯಲ್ಲಿದ್ದಷ್ಟು ದಿನ ‘ಅವರು’, ‘ಇವರು’ ಎಂದೇ ಕಾಲ ಕಳೆದೆ. ನಿಮ್ಮ ಆಯುಷ್ಯ ಕಡಿಮೆಯಾದೀತೆಂದು ಬಾಯಿ ತಪ್ಪಿಯೂ ಹೆಸರು ಹೇಳಲಿಲ್ಲ. ಈಗ ಪೂರ್ತಿಯಾಗಿ ಬರೆದಿದ್ದೇನೆ. ಏನಾಗುತ್ತದೋ ನೋಡೋಣ.

ನಿಮ್ಮ ಆಳು ಪಕೀರಪ್ಪ ತಡಮಾಡಿ ಬಂದನೆಂದು ಅವನನ್ನು ಬೈಯಬೇಡಿ. ನೀವು ಅಪ್ಪನಿಗೆ ಬರೆದ ಪತ್ರ ತಂದುಕೊಟ್ಟು ಆಗಲೇ ಹಿಂತಿರುಗುವವನಿದ್ದ. ಉತ್ತರ ಸಿದ್ಧವಾಗಲಿ ಎಂದು ನಾನೇ ಎರಡು ದಿನ ಊಟ ಹಾಕಿ ಹಿಡಿದಿಟ್ಟೆ. ಅಪ್ಪ ಪತ್ರ ಓದಿ ನನ್ನ ಕೈಗೆ ಕೊಟ್ಟು, “ಕುದುರಿ ನಿಂದು, ಉತ್ತರಾನೂ ನಿಂದು” ಎಂದರು. ನನ್ನನ್ನು ತವರಿಗೆ ಕಳಿಸಿದ ಮೇಲೆ ಸಿಂಧನೂರಿನಿಂದ ಈ ಮನೆಗೆ ಬಂದ ಮೊದಲ ಪತ್ರ ಇದು. ಕುದುರೆಯ ಕ್ಷೇಮ ಕೇಳಿದ್ದೀರಿ. ಅಪ್ಪನ ಸೊಂಟದ ನೋವಿನ ಬಗ್ಗೆಯೂ ಒಂದು ಮಾತು ಕೇಳಿದ್ದೀರಿ. ನನ್ನ ಹೆಸರು ಎಲ್ಲೂ ಇಲ್ಲ.

ನಿಮ್ಮ ಎರಡನೆಯ ಮದುವೆಗೆ ನಮ್ಮ ಕುದುರೆಯನ್ನು ಒಂದು ದಿನದ ಮಟ್ಟಿಗೆ ಕಳಿಸಿಕೊಡಬೇಕಂತೆ. ಅದರ ಕಣ್ಣ ಕೆಳಗಿನ ಕೂದಲ ಸುಳಿಗೆ ಅತ್ತೆಯವರು ಅಯ್ಯನವರನ್ನು ಕರೆಸಿ ಶಾಂತಿ ಮಾಡಿಸುತ್ತಾರಂತೆ. ಮೇಲೊಂದು ಜರಿಯ ಪಟ್ಟಿ ಕಟ್ಟಿದರೆ ದೋಷ ಯಾರಿಗೂ ಕಾಣುವುದಿಲ್ಲವಂತೆ. ಓದಿ ಜೋರಾಗಿ ನಕ್ಕೆ. ಅಂಗಳದಲ್ಲಿ ಊಟ ಮಾಡುತ್ತಿದ್ದ ಪಕೀರಪ್ಪ ತುತ್ತು ಹಿಡಿದುಕೊಂಡೇ ನನ್ನ ಕಡೆ ನೋಡಿದ. ಯಾಕೆ ನಕ್ಕೆನೆಂದು ಹೇಳುತ್ತೇನೆ. ಮೊದಲಿನಿಂದಲೇ ಹೇಳಬೇಕು, ನಿಮಗೆ ಹಿಂದಿನದು ಬೇಗ ಮರೆಯುತ್ತದೆ.

ರಜಾಕಾರರ ಗಲಾಟೆಯ ವರ್ಷ ನಾವೆಲ್ಲ ಹೊಳೆ ದಾಟಿ ಕ್ಯಾಂಪಿನಲ್ಲಿದ್ದಾಗ ನಿಮ್ಮ ಅಣ್ಣ ಜ್ವರ ಬಂದು ತೀರಿಕೊಂಡರು. ಊರಿಗೆ ಮರಳಿದ ಮೇಲೆ ಒಂದು ದಿನ ಅತ್ತೆಯವರು ನನ್ನ ತಲೆಗೆ ಎಣ್ಣೆ ಹಚ್ಚುತ್ತ ಕೂತವರು ಕೈ ನಿಲ್ಲಿಸಿದರು. ಹೆಡಕಿನಲ್ಲಿ, ಜಡೆಯ ಬುಡದಲ್ಲಿ ಸುಳಿ ಇದೆ ಎಂದರು. ಅಂಥ ಸುಳಿಯ ಹೆಣ್ಣು ಮೊದಲು ಭಾವನನ್ನು ತಿನ್ನುತ್ತಾಳೆ, ಆಮೇಲೆ ಗಂಡನನ್ನು ಎಂದರು. ನನ್ನ ಹೆಡಕು ನನಗೆ ಕಾಣುತ್ತದೆಯೇ? ಇದ್ದರೂ ಇರಬಹುದೆಂದು ನಾನೂ ನಂಬಿದೆ. ಶೇಖರಮ್ಮಕ್ಕನ ಮುಖ ನೋಡಲು ಆಗದೆ, ಗಂಡನನ್ನು ಕಳೆದುಕೊಂಡ ಆ ಹೆಂಗಸಿನ ಮುಂದೆ ಕಳ್ಳಿಯ ಹಾಗೆ ತಲೆ ತಗ್ಗಿಸಿ ತಿರುಗಾಡಿದೆ. ನನ್ನನ್ನು ಬಂಡಿ ಹತ್ತಿಸಿದ ದಿನ ನೀವು ಬಂಡಿಯ ಗೂಟ ಹಿಡಿದು ನಿಂತಿದ್ದಿರಿ. ಸ್ವಲ್ಪ ದಿನ ಹೋಗಲಿ, ಬಂದು ಕರೆದೊಯ್ಯುತ್ತೇನೆ ಎಂದಿರಿ. ಒಳಗಿನಿಂದ ಅತ್ತೆಯವರು ಕೂಗಿದರು. ನೀವು ಗೂಟ ಬಿಟ್ಟಿರಿ. ಆಗ ಯಾವ ಅಯ್ಯನವರನ್ನೂ ಯಾರೂ ಕರೆಸಲಿಲ್ಲ. ಕುದುರೆಯ ಸುಳಿಗೆ ಶಾಂತಿ ಉಂಟು, ಹೆಂಡತಿಯ ಸುಳಿಗೆ ಇರಲಿಲ್ಲ. ನಕ್ಕದ್ದು ಇದಕ್ಕೆ.

ಇನ್ನು ಕುದುರೆಯ ವಿಷಯ. ಅಪ್ಪ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಬಳಗಾನೂರು ದಾರಿಯ ನಮ್ಮ ಹೊಲ ನೋಡಿಕೊಳ್ಳುವವಳು ನಾನೇ. ಎರೆಭೂಮಿ ನಿಮಗೆ ಗೊತ್ತಿಲ್ಲದ್ದಲ್ಲ. ಮಳೆ ಬಿದ್ದರೆ ಬಂಡಿಯ ಗಾಲಿ ಅಚ್ಚಿನ ಮಟ್ಟ ಹೂಳುತ್ತದೆ, ನಡೆದು ಹೊರಟರೆ ಹೊಲ ಮುಟ್ಟುವುದರೊಳಗೆ ಹೊತ್ತು ಇಳಿಯುತ್ತದೆ. ಮುಂಗಾರಿಗೆ ಮೊದಲು ಸವಾರಿಯ ಕುದುರೆಯೊಂದು ಸಿಗದಿದ್ದರೆ ಹೊಲವನ್ನು ದಾಯಾದಿಗಳ ಪಾಲಿಗೆ ಬಿಡಬೇಕಾಗಿತ್ತು. ಹಾಗೆ ಬಿಟ್ಟ ಹೊಲ, ಗಂಡ ಬಿಟ್ಟು ಕಳಿಸಿದ ಮಗಳ ಕೈಗೆ ತಿರುಗಿ ಬರುತ್ತದೆಯೇ? ಚಿಕ್ಕಂದಿನಲ್ಲಿ, ಗಂಡುಮಗನಿಲ್ಲದ ಅಪ್ಪ ನನ್ನನ್ನೇ ಕುದುರೆಯ ಮೇಲೆ ಮುಂದೆ ಕೂರಿಸಿಕೊಂಡು ಸವಾರಿ ಕಲಿಸಿದ್ದರು. ಅದು ಈಗ ಕೆಲಸಕ್ಕೆ ಬಂತು.

ಆದರೆ ಈ ಸೀಮೆಯಲ್ಲಿ ಕುದುರೆ ಎಲ್ಲಿ ಉಳಿದಿದೆ? ಜಹಗೀರುಗಳು ಹೋದವು, ಲಾಯಗಳು ಬರಿದಾದವು, ಒಳ್ಳೆಯ ಪ್ರಾಣಿಗಳೆಲ್ಲ ರಾಯಚೂರಿನಲ್ಲಿ ರೈಲು ಹತ್ತಿ ಹೋದವು. ಲಿಂಗಸುಗೂರಿನ ಸಂತೆಯಲ್ಲಿ ಒಬ್ಬ ಕುದುರೆಯ ಒಂದೇ ಮಗ್ಗುಲು ತೋರಿಸಿದ. ಆ ಕಡೆಗೆ ಹೋಗಲು ಹೆಜ್ಜೆ ಎತ್ತಿದರೆ ತಾನೇ ಅಡ್ಡ ಬಂದು ನಿಲ್ಲುತ್ತಿದ್ದ. ನೋಡಿದರೆ ಆ ಕಡೆಯ ಕಣ್ಣು ಹೂ ಬಿದ್ದು ಕುರುಡಾಗಿತ್ತು. ಇನ್ನೊಬ್ಬ ಹಲ್ಲು ತೇಯ್ದು ಮುದಿ ಕುದುರೆಗೆ ಪ್ರಾಯ ತರಿಸಿದ್ದ. ಮತ್ತೊಂದು ಬಹಳ ಸಾಧು ಎಂದರು. ತಿನ್ನಿಸಿದ ಅಫೀಮು ಇಳಿದ ಮೇಲೆ ಅದು ಮಾರಲು ತಂದವನ ಭುಜವನ್ನೇ ಕಚ್ಚಿತು. ಹತ್ತುವವರು ಯಾರು ಎಂದು ಯಾರೋ ಕೇಳಿದರು. ನಾನೇ ಎಂದೆ. ಅಲ್ಲಿಂದಾಚೆ ಸಂತೆಯ ಜನ ಕುದುರೆ ನೋಡುವುದನ್ನು ಬಿಟ್ಟು ನನ್ನನ್ನು ನೋಡಿದರು.

ಅಪ್ಪನ ಕುದುರೆಗೆ ಲಾಳ ಕಟ್ಟುತ್ತಿದ್ದ ಮುದಗಲ್ಲಿನ ದಾವಲ್‌ಸಾಬರು ಆಗ ಸುದ್ದಿ ತಂದರು. ಮುದಗಲ್ ಕೋಟೆಯೊಳಗೆ ನಿಜಾಮನ ಕುದುರೆ ದಂಡಿನ ಹಳೆಯ ರಿಸಾಲ್ದಾರರೊಬ್ಬರ ಬಳಿ ಕೆಂಪು ಬಣ್ಣದ ಹೆಣ್ಣು ಕುದುರೆ ಇದೆ, ಇಷ್ಟು ಒಳ್ಳೆಯದು ಮೂರು ತಾಲೂಕಿನಲ್ಲಿಲ್ಲ, ಮಗನ ಊರಿಗೆ ಹೋಗುವ ಮುದುಕರು ಅದನ್ನು ಮಾರುತ್ತಾರೆ ಎಂದರು. ನಾನು ಎದ್ದು ನಿಂತೆ. ಅವರು ತಲೆಯಾಡಿಸಿದರು. ಸಿಂಧನೂರಿನವರು ಮೊದಲೇ ಕೇಳಿದ್ದಾರೆ, ರಿಸಾಲ್ದಾರರು ಮಾತು ಕೊಟ್ಟಿದ್ದಾರೆ, ಅವರಿಗೆ ಬೇಡವಾದರೆ ಮಾತ್ರ ನಿಮಗೆ ಎಂದರು. ಸಿಂಧನೂರಿನ ಯಾರಿಗೆ, ಯಾತಕ್ಕೆ ಎಂದು ಕೇಳಿದೆ. ಪಾಪ, ದಾವಲ್‌ಸಾಬರು ನೆಲ ನೋಡುತ್ತಾ ಹೇಳಿದರು. ನಿಮ್ಮ ಮದುವೆಯ ಸುದ್ದಿ ನನಗೆ ಮುಟ್ಟಿದ್ದು ಹೀಗೆ. ಹೆಣ್ಣು ಲಿಂಗಸುಗೂರಿನ ದೊಡ್ಡಮನೆಯದು, ಹುಡುಗಿಯ ಅಜ್ಜ ಹಟಮಾರಿ, ಮದುಮಗ ಸವಾರಿಯ ಕುದುರೆಯ ಮೇಲೆ ಬಂದರೆ ಮಾತ್ರ ತಮ್ಮ ತಲೆಬಾಗಿಲು ತೆರೆಯುವುದು, ಜೀಪಿಗೂ ಬಸ್ಸಿಗೂ ತೆರೆಯುವುದಿಲ್ಲ ಎನ್ನುತ್ತಾರೆ ಎಂದು ಎಲ್ಲ ತಿಳಿಯಿತು.

ಆವತ್ತೇ ನಿಶ್ಚಯಿಸಿದೆ. ಆ ಕುದುರೆ ನನ್ನ ಹೊಲಕ್ಕೆ ಬೇಕಿತ್ತು. ಅದಕ್ಕಿಂತ ಹೆಚ್ಚಾಗಿ ಅದು ನಿಮಗೆ ದಕ್ಕಬಾರದಿತ್ತು. ಮನಸ್ಸಿನಲ್ಲಿದ್ದದ್ದನ್ನು ಮುಚ್ಚಿಡುವುದಿಲ್ಲ.

ಮುದಗಲ್ಲಿನಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿ ದಾವಲ್‌ಸಾಬರು ಅದನ್ನು ನಮ್ಮ ಅಂಗಳದಲ್ಲಿ ತಂಗಿಸಿದರು. ಎಂಥ ಪ್ರಾಣಿ! ಕೊರಳಲ್ಲಿ ಶುಭದ ಸುಳಿ, ಹಣೆ ನಿರ್ಮಲ, ತುಂಬಿದ ಚೆಂಬು ಕೈಯಲ್ಲಿ ಹಿಡಿದು ಕೂತರೂ ನೀರು ತುಳುಕದ ನಡಿಗೆ. ಅಪ್ಪ ಮಂಚದ ಮೇಲೆ ಎದ್ದು ಕೂತು ನೋಡಿದರು, ಎಷ್ಟೋ ತಿಂಗಳ ಮೇಲೆ ಅವರ ಮುಖ ಅರಳಿತು. ಬೆಳಿಗ್ಗೆ ನಾನೇ ಮೈ ತಿಕ್ಕಿ, ಮುಖ ಒರೆಸಿ, ಸಿಂಗಾರ ಮಾಡಿ ಮದುಮಗಳಂತೆ ನಿಮ್ಮ ಮನೆಗೆ ಕಳಿಸಿಕೊಟ್ಟೆ.

ಅಲ್ಲಿ ನಡೆದದ್ದನ್ನು ದಾವಲ್‌ಸಾಬರು ಮರಳಿ ಬಂದು ಹೇಳಿದರು. ನೀವು ಹತ್ತಿ ಒಂದು ಸುತ್ತು ಹೋಗಿ ಬಂದು ಮರುಳಾಗಿದ್ದಿರಂತೆ. ಇಳಿದು ಕೊರಳ ಮೇಲೆ ಕೈಯಿಟ್ಟು ನಿಂತಿದ್ದಿರಂತೆ. ಅತ್ತೆಯವರು ಆರತಿ ತಟ್ಟೆ ಹಿಡಿದು ಹೊರಗೆ ಬಂದು, ಕುದುರೆಯ ಮುಖದ ಹತ್ತಿರ ಬಂದದ್ದೇ ತಟ್ಟೆ ಹಿಂದಕ್ಕೆ ತೆಗೆದುಕೊಂಡರಂತೆ.

“ಕಣ್ಣೀರು ಸುಳಿ ಐತಿ. ಕಟ್ಟಿದ ಮನೀ ಅಳಸತೈತಿ ಇದು. ಹೊರಗ ಹೊಡೀರಿ.”

ನೀವು ಏನು ಮಾಡಿದಿರಿ ಎಂದು ನಾನು ಕೇಳಿದೆ. ಕೈ ತೆಗೆದರು ಎಂದರು ದಾವಲ್‌ಸಾಬರು. ನನಗೆ ಬಂಡಿಯ ಗೂಟ ಕಣ್ಣ ಮುಂದೆ ಬಂತು.

ಹೀಗೆ ನೀವು ಬೇಡವೆಂದದ್ದನ್ನು ನಾನು ಕೊಂಡೆ. ಸಿಂಧನೂರಿನವರು ಸುಳಿಯ ಹೆಸರು ಹೇಳಿ ಬಿಟ್ಟ ಕುದುರೆಯನ್ನು ಇನ್ನಾರು ಕೊಳ್ಳುತ್ತಾರೆಂದು ರಿಸಾಲ್ದಾರರು ಬೆಲೆ ಇಳಿಸಲು ಹೊರಟಿದ್ದರು. ನಾನು ಒಪ್ಪಲಿಲ್ಲ, ಅವರು ಮೊದಲು ಹೇಳಿದ್ದನ್ನು ಪೂರ್ತಿ ಕೊಟ್ಟೆ. ನನ್ನ ಮದುವೆಯಲ್ಲಿ ನಿಮ್ಮ ಮನೆಯವರು ಸೊಂಟಕ್ಕೆ ಕಟ್ಟಿದ ಬಂಗಾರದ ಡಾಬು ಇತ್ತಲ್ಲ, ಅದು ಹೋಯಿತು. ಈಗ ಅದರ ಬದಲಿಗೆ ಲಾಯದಲ್ಲಿ ಹುಲ್ಲು ತಿನ್ನುವ ಪ್ರಾಣಿಯಿದೆ. ನನ್ನನ್ನು ಹೊತ್ತು ಹೊಲಕ್ಕೆ ಒಯ್ಯುತ್ತದೆ. ಡಾಬನ್ನು ನಾನೇ ಹೊತ್ತು ತಿರುಗಬೇಕಾಗಿತ್ತು.

ಮುಹೂರ್ತದ ದಿನ ನೀವು ಬಾಡಿಗೆಯ ಟಾಂಗಾ ಕುದುರೆ ಹತ್ತಿದ ಸುದ್ದಿ ಲಿಂಗಸುಗೂರಿನಿಂದ ಮಸ್ಕಿಗೆ ನಿಮ್ಮ ಬಸ್ಸಿಗಿಂತ ಮೊದಲೇ ಬಂತು. ಜರಿ ರುಮಾಲು, ಬಾಸಿಂಗ, ಮುಂದೆ ವಾಲಗ. ಆ ಬಡ ಪ್ರಾಣಿಗೆ ಮದುವೆಯೇನು ತಿಳಿದೀತು? ದಿನಾ ಜನ ಹತ್ತಿ ಇಳಿಯುವ ಕಡೆಯಲ್ಲೆಲ್ಲ ನಿಂತಿತಂತೆ. ಚಹಾದ ಅಂಗಡಿಯ ಮುಂದೆ ನಿಂತಿತು, ಕಚೇರಿಯ ಮುಂದೆ ನಿಂತಿತು, ಬಸ್ ನಿಲ್ಲುವಲ್ಲಿ ನಿಂತದ್ದು ಮತ್ತೆ ಕದಲಲೇ ಇಲ್ಲ. ಯಾರೋ ಸಂತೆಗೆ ಹೊರಟ ಮುದುಕಿ ತನ್ನ ಗಂಟನ್ನು ಎತ್ತಿಕೊಳ್ಳೆಂದು ನಿಮ್ಮ ಕಡೆ ಚಾಚಿದಳಂತೆ. ಇಳಿದು ನಡೆದು ಹೋದಿರಿ. ದೊಡ್ಡಮನೆಯ ಅಜ್ಜ ಬಾಗಿಲು ತೆಗೆಸಲಿಲ್ಲ. ಮುಂದಿನ ಮುಹೂರ್ತಕ್ಕೆ ಕುದುರೆಯ ಮೇಲೆ ಬಾ ಎಂದು ಒಳಗಿನಿಂದಲೇ ಹೇಳಿಸಿದರು. ಇದನ್ನು ಅಪ್ಪನಿಗೆ ಹೇಳುತ್ತಾ ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಅಪ್ಪ ನಗಲಿಲ್ಲ. ಆಮೇಲೆ ನನಗೂ ನಗು ನಿಂತಿತು.

ಈಗ ಅದೇ ಬಾಗಿಲಿಗೆ ನಮ್ಮ ಕುದುರೆ ಬೇಕೆಂದು ಪತ್ರ ಬರೆದಿದ್ದೀರಿ. ಉತ್ತರ ಬರೆಯಲು ಕೂತೆ. ಕೊಡುವುದಿಲ್ಲ ಎಂದರೆ ನೀವು ಇನ್ನೆಲ್ಲಾದರೂ ಒಂದನ್ನು ಹುಡುಕಿ ತರುತ್ತೀರಿ ಎನಿಸಿತು. ಲೇಖನಿ ಕೆಳಗಿಟ್ಟು ಜೀನು ಹಾಕಿಸಿ, ನಿನ್ನೆ ಬೆಳಿಗ್ಗೆ ನಾನೇ ಲಿಂಗಸುಗೂರಿಗೆ ಹೋದೆ.

ಸವಾರಿಯ ಕುದುರೆಯ ಮೇಲೆ ಬಂದವರಿಗೆ ತೆರೆಯುವ ಬಾಗಿಲಲ್ಲವೇ? ನನಗೆ ತೆರೆಯಿತು. ಅಜ್ಜ ಹೊರಗೆ ಬಂದು ಬಹಳ ಹೊತ್ತು ಕುದುರೆಯನ್ನು ನೋಡಿದರು, ಆಮೇಲೆ ನನ್ನನ್ನು. ನೀನ್ಯಾರವ್ವ ಎಂದು ಕೇಳಿದರು. ಅಮರಗುಂಡಪ್ಪನವರ ಹೆಂಡತಿ ಎಂದೆ. ಮೊದಲ ಹೆಂಡತಿ ತಾನಾಗಿಯೇ ಬಿಟ್ಟುಹೋದಳು, ತಲೆ ಸರಿಯಿರಲಿಲ್ಲ ಎಂದು ನೀವು ಅವರಿಗೆ ಹೇಳಿದ್ದಿರಂತೆ. ತಲೆ ಸರಿಯಿಲ್ಲದವಳು ಅವರ ಕಟ್ಟೆಯ ಮೇಲೆ ಕೂತು, ಅವರು ಕೊಟ್ಟ ಮಜ್ಜಿಗೆ ಕುಡಿದು, ನಡೆದದ್ದನ್ನು ನಡೆದ ಹಾಗೆ ಹೇಳಿದಳು. ನನ್ನ ಹೆಡಕಿನ ಮಾತನ್ನೂ ಹೇಳಿದೆ, ಕುದುರೆಯ ಕಣ್ಣಿನ ಮಾತನ್ನೂ ಹೇಳಿದೆ.

ಹುಡುಗಿ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿದ್ದಳು. ಹೊರಗೆ ಬಂದಳು. ಬಡಕಲು ಹುಡುಗಿ, ಚುರುಕು ಕಣ್ಣು. ನನ್ನ ಹತ್ತಿರ ಬರಲಿಲ್ಲ, ನೇರ ಕುದುರೆಯ ಹತ್ತಿರ ಹೋದಳು. ಅದರ ಮುಖ ಹಿಡಿದು ಎರಡೂ ಕಣ್ಣ ಕೆಳಗೆ ಹೆಬ್ಬೆರಳಿನಿಂದ ಮೆಲ್ಲಗೆ ಸವರಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಅಕ್ಕಾರ, ನಿಮ್ಮ ಸುಳಿ ನಿಮ್ಮ ಯಜಮಾನ್ರು ಕಣ್ಣಾರೆ ನೋಡ್ಯಾರೇನ್ರಿ?”

ಒಂದು ದಿನವೂ ನೋಡಿಲ್ಲವ್ವ ಎಂದೆ. ಅವಳಿಗೆ ಅಷ್ಟೇ ಸಾಕಾಯಿತು. ಒಳಗೆ ಹೋಗಿ ಅಜ್ಜನನ್ನು ಕರೆದಳು, ಈ ಮದುವೆ ತನಗೆ ಬೇಡವೆಂದಳು. ನಾನು ಕುದುರೆ ಹತ್ತುವಾಗ ಅಜ್ಜ ಹೊರಗೆ ಬಂದು, ಇನ್ನು ಸಿಂಧನೂರಿನವರು ಆನೆಯ ಮೇಲೆ ಬಂದರೂ ಬಾಗಿಲು ತೆಗೆಯುವುದಿಲ್ಲವೆಂದು ತಿಳಿಸಲು ಹೇಳಿದರು. ತಿಳಿಸಿದ್ದೇನೆ.

ಆದ್ದರಿಂದ ನಿಮಗೆ ಕುದುರೆಯ ಅವಶ್ಯಕತೆಯಿಲ್ಲ. ಅತ್ತೆಯವರಿಗೆ ಶಾಂತಿಯ ಖರ್ಚೂ ಉಳಿಯಿತು. ನನಗೆ ಸಂತೋಷವಾಗಿದೆಯೇ ಎಂದು ಕೇಳಿದರೆ, ಆಗಿದೆ. ಮಸ್ಕಿ ಹಳ್ಳ ದಾಟಿ ಮನೆಗೆ ಬರುವವರೆಗೂ ಹಾಡಿಕೊಂಡು ಬಂದೆ.

ಇನ್ನು ನಿಮ್ಮ ಪಾದದಾಸಿಯಲ್ಲದ,
ಮಸ್ಕಿಯ ಕರಿಬಸಪ್ಪನವರ ಮಗಳು
ಪಾರ್ವತೆಮ್ಮ

ತಾ.ಕ.: ಕುದುರೆಯ ಕಣ್ಣ ಕೆಳಗೆ ಸುಳಿ ಇಲ್ಲ, ಎಂದೂ ಇರಲಿಲ್ಲ. ನಿಮ್ಮ ಮನೆಗೆ ಕಳಿಸುವ ಬೆಳಿಗ್ಗೆ ಜಾಲಿಯ ಅಂಟನ್ನು ನೀರಲ್ಲಿ ಕಲಸಿ, ಅಲ್ಲಿನ ಕೂದಲನ್ನು ಬೆರಳಿನಿಂದ ತಿರುವಿ ತಿರುವಿ ನಾನೇ ಕೂರಿಸಿದ್ದೆ. ದಾವಲ್‌ಸಾಬರು ಅದನ್ನು ಕಂಡು, “ನಾ ಏನೂ ನೋಡಿಲ್ಲ ಅಕ್ಕಾರ. ನೋಡೂದು ಕೊಳ್ಳೋರ ಕೆಲಸ” ಎಂದು ಹಗ್ಗ ಬಿಚ್ಚಿಕೊಂಡು ಹೊರಟರು. ನೀವು ಕೊರಳ ಮೇಲೆ ಇಟ್ಟಿದ್ದ ಕೈಯನ್ನು ಒಂದು ಗೇಣು ಮುಂದೆ ತಂದು ಹೆಬ್ಬೆರಳಿನಿಂದ ಉಜ್ಜಿದ್ದರೆ ಸುಳಿ ಬೆರಳಿಗೆ ಅಂಟಿಕೊಂಡು ಬರುತ್ತಿತ್ತು, ಕುದುರೆ ನಿಮ್ಮದಾಗುತ್ತಿತ್ತು. ಇನ್ನೊಂದು ಮಾತು. ಕಳೆದ ಶ್ರಾವಣದಲ್ಲಿ ಶೇಖರಮ್ಮಕ್ಕ ಅತ್ತೆಯವರಿಗೆ ತಿಳಿಯದಂತೆ ಮಸ್ಕಿಗೆ ಬಂದಿದ್ದಳು. ನನ್ನನ್ನು ಅಂಗಳದ ಬಿಸಿಲಿಗೆ ಕೂರಿಸಿ, ಜಡೆ ಬಿಚ್ಚಿ, ಕೂದಲು ಸರಿಸಿ ನೋಡಿದಳು. ನೋಡಿ, ನನ್ನ ಬೆನ್ನ ಮೇಲೆ ತಲೆಯಿಟ್ಟು ಅತ್ತಳು. ಅಲ್ಲಿಯೂ ಏನೂ ಇಲ್ಲ. ಆ ಜಡೆಯ ಪಕ್ಕದಲ್ಲಿ ನೀವು ಒಂದು ವರ್ಷ ಮಲಗಿದ್ದಿರಿ.